ಹಿತ್ತಲ ಸೊಪ್ಪನ್ನು ಮಳೆಗಾಲಕ್ಕೆ ಉಳಿಸಿಕೊಳ್ಳುವುದು ಹೇಗೆ

ನಮ್ಮ ಮಲೆನಾಡಿನಲ್ಲಿ ಸೊಪ್ಪು ಬೆಳೆಸುವುದು ದೊಡ್ಡ ಕೆಲಸವೇ ಅಲ್ಲ. ದೊಡ್ಡಪತ್ರೆಯ ಒಂದು ಕಡ್ಡಿ ಮುರಿದು ಮಣ್ಣಿಗೆ ಚುಚ್ಚಿದರೆ ಕೆಲವೇ ತಿಂಗಳಲ್ಲಿ ಪೊದೆ. ಒಂದೆಲಗ ತೋಟದ ಬಸಿಗಾಲುವೆ ಬದಿಯಲ್ಲಿ ತಾನಾಗಿ ಹಬ್ಬುತ್ತದೆ. ಮಜ್ಜಿಗೆ ಹುಲ್ಲಿನ (ನಿಂಬೆ ಹುಲ್ಲು, ಲೆಮನ್ ಗ್ರಾಸ್) ಒಂದು ಬುಡ ಯಾರ ಮನೆಯಿಂದಲೋ ತಂದು ನೆಟ್ಟರೆ ಎರಡು ವರ್ಷದಲ್ಲಿ ನಾವೇ ನಾಲ್ಕು ಮನೆಗೆ ಹಂಚುವಷ್ಟಾಗುತ್ತದೆ. ಕಷ್ಟ ಬರುವುದು ಇದನ್ನೆಲ್ಲ ಉಳಿಸಿಕೊಳ್ಳುವಾಗ. "ನೆರಳಿನಲ್ಲಿ ಮೂರು ದಿನ ಒಣಗಿಸಿ ಬಾಟಲಿಗೆ ತುಂಬಿ" ಅಂತ ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ. ಆ ಮಾತು ನಂಬಿ ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಸೊಪ್ಪು ಹರವಿದರೆ ಮೂರು ದಿನವಲ್ಲ, ಮೂರು ವಾರ ಕಳೆದರೂ ಎಲೆ ಮೆತ್ತಗೇ ಇರುತ್ತದೆ. ಆಮೇಲೆ ಬೂಷ್ಟು.

ಹಾಗಾಗಿ ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ಕತ್ತರಿ ಹಿಡಿಯಿರಿ. ಒಣಗಿಸುವ ಕೆಲಸಕ್ಕೆ ನಮ್ಮಲ್ಲಿ ಒಳ್ಳೆಯ ಕಾಲ ಅಂದರೆ ತುಳಸಿ ಪೂಜೆ ಮುಗಿದಲ್ಲಿಂದ ಶಿವರಾತ್ರಿ ತನಕ. ಗಾಳಿ ಒಣ ಇರುತ್ತದೆ, ಬಿಸಿಲು ಹದವಾಗಿರುತ್ತದೆ, ಗಿಡ ಮಳೆಗಾಲದಲ್ಲಿ ಚೆನ್ನಾಗಿ ಬೆಳೆದು ನಿಂತಿರುತ್ತದೆ. ಶಿವರಾತ್ರಿ ದಾಟಿದ ಮೇಲೂ ಒಣಗಿಸಬಹುದು, ಆದರೆ ಬಿಸಿಲು ಏರಿದ ಹಾಗೆ ಎಲೆ ಸಣ್ಣದಾಗಿ ಬಿರುಸಾಗುತ್ತದೆ. ಮೇ ತಿಂಗಳ ಗುಡುಗು ಮಳೆ ಶುರುವಾಗುವ ಮೊದಲು ಎಲ್ಲ ಬಾಟಲಿಯೊಳಗೆ ಸೇರಿರಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಪೇಟೆಯಲ್ಲಿರುವವರಿಗೆ ಮಳೆಗಾಲದ ನಡುವೆಯೂ ನಾಲ್ಕು ಒಣ ದಿನ ಸಿಗುತ್ತದೆ. ಘಟ್ಟದ ಅಂಚಿನವರು ಅಂಥ ಆಸೆ ಇಟ್ಟುಕೊಳ್ಳಬೇಡಿ.

ಒಂದು ವರ್ಷ ನಾನು ಆ ಆಸೆ ಇಟ್ಟುಕೊಂಡಿದ್ದೆ. ಆರಿದ್ರಾ ಮಳೆ ನಡುವೆ ಎರಡು ದಿನ ಚೊಕ್ಕ ಬಿಸಿಲು ಬಂತು. ಮಜ್ಜಿಗೆ ಹುಲ್ಲು ಕೊಯ್ದು ಹರವಿದೆ. ಎರಡನೇ ದಿನ ಮಧ್ಯಾಹ್ನ ಮುಟ್ಟಿ ನೋಡಿದರೆ ಗರಿಗರಿ. ಸಂಜೆ ಬೇರೆ ಕೆಲಸ ಎಲ್ಲ ಮುಗಿಸಿ ಬಂದು ಬಾಟಲಿಗೆ ತುಂಬಿಟ್ಟೆ. ಹತ್ತು ದಿನ ಬಿಟ್ಟು ಮುಚ್ಚಳ ತೆಗೆದಾಗ ನಿಂಬೆಯ ಪರಿಮಳ ಹೋಗಿ ಮುಗ್ಗಲು ವಾಸನೆ. ಕೈ ಹಾಕಿ ನಡುವಿನ ಹುಲ್ಲು ಎಳೆದರೆ ಬಿಳಿ ನೂಲಿನ ಹಾಗೆ ಬೂಷ್ಟು ಸುತ್ತಿಕೊಂಡಿತ್ತು. ಎರಡು ತಪ್ಪಾಗಿತ್ತು. ಗರಿ ಒಣಗಿದ್ದರೂ ಬುಡದ ದಪ್ಪ ಭಾಗದ ಒಳಗೆ ನೀರು ಉಳಿದಿತ್ತು. ಇನ್ನೊಂದು, ಮಧ್ಯಾಹ್ನ ಗರಿಗರಿಯಾಗಿದ್ದ ಎಲೆ ಸಂಜೆಯ ಥಂಡಿ ಗಾಳಿಯಿಂದ ಮತ್ತೆ ನೀರು ಹೀರಿಕೊಂಡಿತ್ತು. ಒಣಗಿದ ಎಲೆ ಸುಮ್ನೆ ಇರುವುದಿಲ್ಲ. ಸುತ್ತಲಿನ ಗಾಳಿಯಲ್ಲಿ ಎಷ್ಟು ತೇವ ಇದೆಯೋ ಅದಕ್ಕೆ ಹೊಂದಿಕೊಳ್ಳುತ್ತಾ ಹೋಗುತ್ತದೆ. ಅದಕ್ಕೇ ಬಾಟಲಿಗೆ ತುಂಬುವುದು ಯಾವಾಗಲೂ ಮಧ್ಯಾಹ್ನ ಎರಡು ಮೂರು ಗಂಟೆ ಹೊತ್ತಿಗೆ, ಬಿಸಿಲು ಇರುವಾಗಲೇ. ಸಂಜೆ ತುಂಬಬೇಡಿ.

ಈಗ ಕೊಯ್ಯುವ ವಿಷಯ. ನವೆಂಬರ್, ಡಿಸೆಂಬರಿನಲ್ಲಿ ನಮ್ಮ ಕಡೆ ಇಬ್ಬನಿ ಜೋರು. ಬೆಳಿಗ್ಗೆ ಏಳು ಗಂಟೆಗೆ ಕೊಯ್ದರೆ ನೀರನ್ನೂ ಸೇರಿಸಿ ಕೊಯ್ದಂತೆ. ಒಂಬತ್ತೂವರೆ, ಹತ್ತು ಗಂಟೆಗೆ ಇಬ್ಬನಿ ಆರಿರುತ್ತದೆ, ಬಿಸಿಲು ಇನ್ನೂ ಎಲೆಯನ್ನು ಬಾಡಿಸಿರುವುದಿಲ್ಲ, ಅದೇ ಸರಿಯಾದ ಹೊತ್ತು. ಮಣ್ಣು ಸಿಡಿದಿದ್ದರೆ ಹಿಂದಿನ ದಿನ ಸಂಜೆಯೇ ಗಿಡದ ಮೇಲೆ ನೀರು ಹಾಕಿ ತೊಳೆದುಬಿಡಿ. ಕೊಯ್ದ ಮೇಲೆ ತೊಳೆಯುವ ಕೆಲಸ ಕಡಿಮೆಯಾಗುತ್ತದೆ.

ತುಳಸಿ, ಪುದೀನ ಇವುಗಳಲ್ಲಿ ಪರಿಮಳದ ಎಣ್ಣೆ ತುಂಬಿರುವುದು ಹೂ ಬಿಡುವುದಕ್ಕೆ ಸ್ವಲ್ಪ ಮೊದಲು. ಕದಿರು ಮೂಡುತ್ತಿದೆ ಅಂತ ಕಂಡ ತಕ್ಷಣ ಕೊಯ್ಯಿರಿ. ಬೀಜಕ್ಕೆ ಅಂತ ಒಂದೆರಡು ಕದಿರು ಬಿಡಿ, ಉಳಿದದ್ದನ್ನು ಚಿವುಟಿ. ಎಲೆ ಎಲೆಯಾಗಿ ಕಿತ್ತರೆ ಗಿಡ ಬೋಳಾಗುತ್ತದೆ, ಕುಡಿಯನ್ನೇ ಎರಡು ಎಲೆ ಹೊರಟ ಗಿಣ್ಣಿನ ಮೇಲಕ್ಕೆ ಕತ್ತರಿಸಿದರೆ ಅಲ್ಲಿಂದ ಎರಡು ಹೊಸ ಕವಲು ಬರುತ್ತದೆ. ಒಂದು ಸಲಕ್ಕೆ ಗಿಡದ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೆಗೆಯಬೇಡಿ. ಇನ್ನೊಂದು ಮಾತು, ಕಟ್ಟೆಯ ತುಳಸಿಗೆ ಅಡುಗೆಮನೆಯ ಕತ್ತರಿ ತಾಗಿಸುವುದು ನಮ್ಮ ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ದ್ವಾದಶಿ ದಿನ, ಸೂರ್ಯ ಮುಳುಗಿದ ಮೇಲೆ ಕೊಯ್ಯುವುದಿಲ್ಲ ಅನ್ನುವ ಪದ್ಧತಿಯೂ ಇದೆ. ಅದಕ್ಕೆ ಹಿತ್ತಲಿನಲ್ಲಿ ಬೇರೆಯೇ ಐದಾರು ಗಿಡ ಬೆಳೆಸಿಕೊಂಡಿದ್ದೇವೆ. ಪೂಜೆಯದು ಪೂಜೆಗೆ, ಕಷಾಯದ್ದು ಕಷಾಯಕ್ಕೆ.

ಮಜ್ಜಿಗೆ ಹುಲ್ಲನ್ನು ನೆಲಕ್ಕೆ ಸಮವಾಗಿ ಕೊಯ್ಯಬೇಡಿ. ನೆಲದಿಂದ ಒಂದು ಗೇಣು ಬಿಟ್ಟು ಕತ್ತಿಯಲ್ಲಿ ಕೊಯ್ದರೆ ಮತ್ತೆ ಚಿಗುರುತ್ತದೆ. ಗರಿಯ ಅಂಚು ಕೈ ಕುಯ್ಯುತ್ತದೆ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಒಂದೆಲಗವನ್ನು ಬೇರು ಸಮೇತ ಎಳೆಯದೆ ತೊಟ್ಟಿನ ಜೊತೆ ಎಲೆ ಮಾತ್ರ ಚಿವುಟಿ, ಬಳ್ಳಿ ಅಲ್ಲೇ ಇರಲಿ. ಕೆಲವರು ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಅನ್ನುತ್ತಾರೆ. ಎರಡೂ ಬೇರೆ ಗಿಡ. ದುಂಡಗೆ, ಅಂಚು ಹಲ್ಲು ಹಲ್ಲಾಗಿ, ಒಂದು ತೊಟ್ಟಿಗೆ ಒಂದೇ ಎಲೆ ಇದ್ದರೆ ಒಂದೆಲಗ. ಸಣ್ಣ ದಪ್ಪ ಎಲೆ ಕಾಂಡಕ್ಕೇ ಅಂಟಿಕೊಂಡಿದ್ದರೆ ನೀರುಬ್ರಾಹ್ಮಿ. ಗುರುತು ಸಿಗದ ಸೊಪ್ಪನ್ನು ಯಾರೋ ಹೇಳಿದರು ಅಂತ ತಂದು ಒಣಗಿಸಬೇಡಿ.

ಅಡಿಕೆ ತೋಟ ಇರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಅದು ಅಡಿಕೆ ಗೊನೆಯ ಮೇಲೆ ಮಾತ್ರ ನಿಲ್ಲುವುದಿಲ್ಲ. ತೊಟ್ಟಿಕ್ಕಿ ಕೆಳಗಿನ ಒಂದೆಲಗ, ಅರಿಶಿನ ಎಲೆ, ವೀಳ್ಯದೆಲೆ ಎಲ್ಲದರ ಮೇಲೂ ಬೀಳುತ್ತದೆ. ಔಷಧಿ ಹೊಡೆದ ತೋಟದ ಸೊಪ್ಪನ್ನು ಆ ಮಳೆಗಾಲದಲ್ಲಿ ತಿನ್ನಬೇಡಿ, ಒಣಗಿಸಲೂ ಬೇಡಿ. ಮನೆ ಬಳಕೆಗೆ ಬಾವಿಕಟ್ಟೆಯ ಹತ್ತಿರ ಒಂದು ಸಣ್ಣ ಪಾತಿ ಬೇರೆ ಮಾಡಿಕೊಳ್ಳಿ. ಬಚ್ಚಲ ಸೋಪಿನ ನೀರು ಹರಿಯುವ ಜಾಗವೂ ಬೇಡ.

ಕೊಯ್ದದ್ದನ್ನು ಒಳಗೆ ತಂದ ಮೇಲೆ ಹಳದಿ ಎಲೆ, ಹುಳ ತಿಂದದ್ದು, ಚುಕ್ಕೆ ಬಿದ್ದದ್ದು ಆರಿಸಿ ಬಿಸಾಕಿ. ಎರಡು ಮೂರು ನೀರಿನಲ್ಲಿ ತೊಳೆದು, ಹಳೆಯ ಹತ್ತಿ ಪಂಚೆಯ ಮೇಲೆ ಹರವಿ, ಮೇಲೊಂದು ಪಂಚೆ ಹಾಕಿ ಮೆಲ್ಲಗೆ ಒತ್ತಿ. ನೀರಿನ ಪಸೆ ಅಲ್ಲಿಗೇ ಹೋಗಬೇಕು. ಆಮೇಲೆ ಬಿದಿರಿನ ತಟ್ಟೆಯಂಥ ಗೆರಸೆಗೆ ಹಾಕಿ, ಎಲೆಯ ಮೇಲೆ ಎಲೆ ಕೂರದ ಹಾಗೆ ತೆಳ್ಳಗೆ. ಗೆರಸೆ ಯಾಕೆ ಅಂದರೆ ಬಿದಿರಿನ ಸಂದಿಯಿಂದ ಕೆಳಗಿನ ಗಾಳಿಯೂ ಆಡುತ್ತದೆ. ಸ್ಟೀಲ್ ತಟ್ಟೆಯಲ್ಲಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಅಡಿಯ ಎಲೆ ಬೆವರಿ ಕಪ್ಪಾಗುತ್ತದೆ.

ನೇರ ಬಿಸಿಲು ಬೇಡ. ಅಂಗಳದ ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ಹಸಿರು ಬಣ್ಣ ಹೋಗಿ ಹುಲ್ಲಿನ ಬಣ್ಣ ಬರುತ್ತದೆ, ಪರಿಮಳದ ಎಣ್ಣೆ ಹಾರಿಹೋಗುತ್ತದೆ. ಎಲೆಗೆ ಬೇಕಾದದ್ದು ಗಾಳಿ, ಮತ್ತು 35ರಿಂದ 45 ಡಿಗ್ರಿಯ ಬೆಚ್ಚಗಿನ ಶಾಖ. ನಮ್ಮ ಮನೆಯಲ್ಲಿ ಇದಕ್ಕೆ ಒಳ್ಳೆಯ ಜಾಗ ಸಿಕ್ಕಿದ್ದು ಅಡಿಕೆ ಚಪ್ಪರದ ಕೆಳಗೆ. ಮೇಲೆ ಅಡಿಕೆ ಒಣಗುತ್ತಿರುತ್ತದೆ, ಕೆಳಗೆ ನೆರಳು, ನಾಲ್ಕೂ ಕಡೆಯಿಂದ ಗಾಳಿ. ಬೇಯಿಸಿದ ಅಡಿಕೆ ಹರವಿದ ಮೊದಲ ದಿನ ಮಾತ್ರ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ತೊಟ್ಟಿಕ್ಕುತ್ತದೆ, ಆವತ್ತು ಗೆರಸೆ ಬೇರೆ ಕಡೆ ಇಡಿ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಮನೆ ಮಾಡಿಕೊಂಡವರು ಅದರೊಳಗೂ ಇಡಬಹುದು, ಆದರೆ ಮಧ್ಯಾಹ್ನ ಅಲ್ಲಿ ಎಲೆಗೆ ತಡೆಯದಷ್ಟು ಶಾಖ ಏರುತ್ತದೆ, ಆ ಹೊತ್ತಿಗೆ ಹೊರಗೆ ತೆಗೆಯಿರಿ. ಪೇಟೆ ಮನೆಯವರಿಗೆ ಕಿಟಕಿ ಇರುವ ರೂಮು, ಮೇಲೆ ಫ್ಯಾನು ಸಾಕು. ಸಂಜೆ ಐದಕ್ಕೆ ಗೆರಸೆ ಒಳಗೆ ಬರಬೇಕು, ಇಬ್ಬನಿಗೆ ಬಿಟ್ಟರೆ ಇಡೀ ದಿನದ ಒಣಗು ವಾಪಸ್ ಹೋಗುತ್ತದೆ.

ಮಜ್ಜಿಗೆ ಹುಲ್ಲನ್ನು ಉದ್ದಕ್ಕೇ ಒಣಗಿಸಬೇಡಿ. ಹಸಿ ಇರುವಾಗಲೇ ಒಂದು ಅಂಗುಲದ ತುಂಡು ಮಾಡಿ, ಬುಡದ ಬಿಳಿ ಭಾಗವನ್ನು ಉದ್ದಕ್ಕೆ ಸೀಳಿ ಬೇರೆ ಗೆರಸೆಯಲ್ಲಿ ಹಾಕಿ. ಗರಿ ಮೂರು ನಾಲ್ಕು ದಿನದಲ್ಲಿ ಒಣಗುತ್ತದೆ, ಬುಡಕ್ಕೆ ವಾರ ಬೇಕು. ತುಳಸಿ, ಪುದೀನವನ್ನು ಹಿಡಿಯಷ್ಟು ದಪ್ಪದ ಸಣ್ಣ ಸೂಡಿ ಕಟ್ಟಿ ತಲೆಕೆಳಗಾಗಿ ನೇತುಹಾಕಬಹುದು. ದೊಡ್ಡ ಸೂಡಿ ಕಟ್ಟಿದರೆ ನಡುವೆ ಕೊಳೆಯುತ್ತದೆ. ಕರಿಬೇವು ಎಲ್ಲಕ್ಕಿಂತ ಸುಲಭ, ನಾಲ್ಕು ದಿನ ನೆರಳು, ಕೊನೆಗೆ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿದರೆ ಆಯಿತು. ಒಂದೆಲಗದ ಎಲೆ ತೆಳ್ಳಗಿದ್ದರೂ ತೊಟ್ಟು ಒಣಗುವುದು ನಿಧಾನ, ತೊಟ್ಟು ಬೇರೆ ಮಾಡಿ. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುವುದರಿಂದ ಒಂದು ಕೆಜಿ ಕೊಯ್ದರೆ ಇನ್ನೂರು ಗ್ರಾಂ ಉಳಿದರೆ ಹೆಚ್ಚು. ಬುಟ್ಟಿ ತುಂಬ ಕೊಯ್ದದ್ದು ಒಂದು ಬಾಟಲಿಗಿಳಿದಾಗ ಬೇಜಾರು ಮಾಡಿಕೊಳ್ಳಬೇಡಿ.

ದೊಡ್ಡಪತ್ರೆಯನ್ನು ಒಣಗಿಸುವ ಪ್ರಯತ್ನವೇ ಬೇಡ. ಆ ದಪ್ಪ ಎಲೆಯ ತುಂಬ ನೀರು, ಒಣಗುವ ಮೊದಲೇ ಕಪ್ಪಾಗುತ್ತದೆ. ಅದು ವರ್ಷವಿಡೀ ಗಿಡದಲ್ಲೇ ಇರುವ ಸೊಪ್ಪು. ಒಂದು ಕುಂಡವನ್ನು ಮಳೆ ಬೀಳದ ಜಗಲಿ ಅಂಚಿಗೆ ಇಟ್ಟುಕೊಂಡರೆ ಬೇಕಾದಾಗ ನಾಲ್ಕು ಎಲೆ ಸಿಗುತ್ತದೆ. ಜಾಸ್ತಿ ಇದ್ದರೆ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ನೀರು ಹೋಗುವ ತನಕ ಹುರಿದು, ರುಬ್ಬಿ, ಫ್ರಿಜ್ಜಿನಲ್ಲಿಡಿ. ಮೂರು ನಾಲ್ಕು ದಿನ ಬೇಕಾದಾಗ ಕಾಯಿ ರುಬ್ಬಿ ಮಜ್ಜಿಗೆ ಸೇರಿಸಿದರೆ ತಂಬುಳಿ ಆಗುತ್ತದೆ. ಕೊತ್ತಂಬರಿ ಸೊಪ್ಪೂ ಅಷ್ಟೇ, ಒಣಗಿಸಿದರೆ ಪರಿಮಳ ಇರುವುದಿಲ್ಲ. ಸಣ್ಣಗೆ ಹೆಚ್ಚಿ ಐಸ್ ಟ್ರೇಯಲ್ಲಿ ಸ್ವಲ್ಪ ನೀರು ಹಾಕಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಸಾರಿಗೆ ಒಂದೊಂದು ತುಂಡು. ಆದರೆ ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟೇ ಇರದ ಊರುಗಳಲ್ಲಿ ಫ್ರೀಜರ್ ನಂಬುವಂತಿಲ್ಲ. ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಬಳಸಬೇಡಿ.

ಒಣಗಿದೆಯಾ ಇಲ್ವಾ ಅಂತ ತಿಳಿಯಲು ಕೈ ಸಾಲದು, ಕಿವಿಯೂ ಬೇಕು. ಎಲೆಯನ್ನು ಬೆರಳಲ್ಲಿ ತಿಕ್ಕಿದರೆ ಚುರುಚುರು ಅಂತ ಪುಡಿಯಾಗಬೇಕು, ತೊಟ್ಟು ಬಗ್ಗಿಸಿದರೆ ಬಗ್ಗಬಾರದು, ಚಟ್ ಅಂತ ಮುರಿಯಬೇಕು. ಆಮೇಲೆ ಬಾಟಲಿ ಪರೀಕ್ಷೆ. ಒಂದು ಒಣ ಗಾಜಿನ ಬಾಟಲಿಗೆ ಎರಡು ಹಿಡಿ ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಕಿಟಕಿಯಲ್ಲಿ ಒಂದು ದಿನ ಇಡಿ. ಮರುದಿನ ಮುಚ್ಚಳದ ಒಳಭಾಗ, ಬಾಟಲಿಯ ಹೆಗಲು ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ಉಸಿರು ಬಿಟ್ಟ ಕನ್ನಡಿಯ ಹಾಗೆ ತೆಳ್ಳನೆಯ ಮಂಜು ಕಂಡರೂ ಎಲ್ಲ ಹೊರಗೆ, ಮತ್ತೆ ಎರಡು ದಿನ ಗೆರಸೆಗೆ. ಏನೂ ಕಾಣದಿದ್ದರೆ ಆಯಿತು. ಆ ಮಜ್ಜಿಗೆ ಹುಲ್ಲಿನ ವರ್ಷದಿಂದ ಈ ಪರೀಕ್ಷೆ ಮಾಡದೆ ನಾನು ಒಂದು ಬಾಟಲಿಯನ್ನೂ ಕಪಾಟಿಗೆ ಏರಿಸಿಲ್ಲ.

ಬಾಟಲಿಗೆ ತುಂಬುವಾಗ ಪುಡಿ ಮಾಡಬೇಡಿ, ಇಡೀ ಎಲೆಯಾಗಿಯೇ ಇಡಿ, ಪುಡಿಯಲ್ಲಿ ಪರಿಮಳ ಬೇಗ ಹೋಗುತ್ತದೆ. ಬಾಟಲಿ ತೊಳೆದು ಬಿಸಿಲಿಗಿಟ್ಟು ಪೂರ್ತಿ ಒಣಗಿಸಿರಬೇಕು. ಒಂದು ದೊಡ್ಡ ಭರಣಿಗಿಂತ ನಾಲ್ಕು ಸಣ್ಣ ಬಾಟಲಿ ಮೇಲು. ನಾನು ಮಳೆಗಾಲಕ್ಕೆ ಅಂತ ನಾಲ್ಕು ಬಾಟಲಿ ಮಾಡಿ ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ಅಂತ ಚೀಟಿ ಅಂಟಿಸುತ್ತೇನೆ. ಪ್ರತಿ ಸಲ ಮುಚ್ಚಳ ತೆಗೆದಾಗ ಥಂಡಿ ಗಾಳಿ ಒಳಗೆ ಹೋಗುತ್ತದಲ್ವಾ, ಹೀಗೆ ಮಾಡಿದರೆ ಸೆಪ್ಟೆಂಬರಿನ ಬಾಟಲಿ ಸೆಪ್ಟೆಂಬರಿನ ತನಕ ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತದೆ. ಚೀಟಿಯಲ್ಲಿ ಸೊಪ್ಪಿನ ಹೆಸರು, ಕೊಯ್ದ ತಿಂಗಳು ಬರೆಯಿರಿ, ಒಣಗಿದ ಮೇಲೆ ಎಲ್ಲ ಸೊಪ್ಪೂ ಒಂದೇ ತರಹ ಕಾಣುತ್ತದೆ. ಮಳೆಗಾಲದಲ್ಲಿ ಬೆವರುವ ಗೋಡೆಗೆ ತಾಗಿಸಿ ಇಡಬೇಡಿ, ಒಲೆಯ ಮೇಲಿನ ಶೆಲ್ಫೂ ಬೇಡ. ಕತ್ತಲೆ ಇರುವ ಮರದ ಕಪಾಟು ಒಳ್ಳೆಯದು. ಕುದಿಯುವ ಪಾತ್ರೆಯ ಮೇಲೆ ಬಾಟಲಿ ಬಗ್ಗಿಸಿ ಉದುರಿಸುವ ಅಭ್ಯಾಸ ಇದ್ದರೆ ಬಿಡಿ, ಹಬೆ ನೇರವಾಗಿ ಒಳಗೆ ಹೋಗುತ್ತದೆ.

ಅರಿಶಿನದ ಬಗ್ಗೆ ಹೇಳದೆ ಮುಗಿಸಲು ಮನಸ್ಸಿಲ್ಲ. ಜನವರಿ ಫೆಬ್ರವರಿಯಲ್ಲಿ ಗಿಡದ ಎಲೆ ಹಳದಿಯಾಗಿ ನೆಲಕ್ಕೆ ಬಿದ್ದ ಮೇಲೆ ಕೀಳಬೇಕು, ಹಸಿರಿರುವಾಗ ಕಿತ್ತರೆ ಕೊಂಬು ಬಲಿತಿರುವುದಿಲ್ಲ. ಬಿತ್ತನೆಗೆ ದಪ್ಪ ಗಡ್ಡೆ ಎತ್ತಿಟ್ಟು, ಉಳಿದದ್ದನ್ನು ತೊಳೆದು, ಗಡ್ಡೆ, ಬೆರಳು ಬೇರೆ ಬೇರೆ ಮಾಡಿ, ಮುಳುಗುವಷ್ಟು ನೀರಿನಲ್ಲಿ ಬೇಯಿಸಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಬಿಳಿ ನೊರೆ ಎದ್ದು, ಅರಿಶಿನದ ಘಮ ಹಬೆಯ ಜೊತೆ ಮನೆಯೆಲ್ಲ ಹರಡಿದಾಗ ಒಂದು ತುಂಡು ತೆಗೆದು ಕಡ್ಡಿ ಚುಚ್ಚಿ. ಕಡ್ಡಿ ಸಲೀಸಾಗಿ ಇಳಿದರೆ ಸಾಕು. ಜಾಸ್ತಿ ಬೆಂದರೆ ಬಣ್ಣ ಕೆಡುತ್ತದೆ. ಇದಕ್ಕೆ ಮಾತ್ರ ನೇರ ಬಿಸಿಲೇ ಬೇಕು, ಹತ್ತರಿಂದ ಹದಿನೈದು ದಿನ, ರಾತ್ರಿ ರಾಶಿ ಮಾಡಿ ಮುಚ್ಚಿ. ಎರಡು ಕೊಂಬು ಒಂದಕ್ಕೊಂದು ಬಡಿದರೆ ಕಲ್ಲಿನ ಹಾಗೆ ಟಣ್ ಅನ್ನಬೇಕು. ಗೋಣಿಚೀಲದಲ್ಲಿ ಹಾಕಿ ಉಜ್ಜಿದರೆ ಹೊರಗಿನ ಸಿಪ್ಪೆ ಹೋಗುತ್ತದೆ. ಐದು ಕೆಜಿ ಹಸಿಗೆ ಹೆಚ್ಚುಕಡಿಮೆ ಒಂದು ಕೆಜಿ ಸಿಗುತ್ತದೆ. ಶುಂಠಿಯನ್ನು ಬೇಯಿಸುವುದು ಬೇಡ, ಬಿದಿರಿನ ಚಕ್ಕೆಯಲ್ಲಿ ಸಿಪ್ಪೆ ಹೆರೆದು ವಾರ ಹತ್ತು ದಿನ ಬಿಸಿಲಿಗಿಟ್ಟರೆ ಒಣಶುಂಠಿ. ಚಾಕುವಿನಲ್ಲಿ ದಪ್ಪಗೆ ಸಿಪ್ಪೆ ತೆಗೆದರೆ ಅದರ ಕೆಳಗೇ ಇರುವ ಪರಿಮಳವೂ ಹೋಗುತ್ತದೆ.

ಒಣಗಿಸಿದ ತುಳಸಿಯನ್ನು ನಮ್ಮ ಮನೆಯ ಕಷಾಯ ಪುಡಿಗೆ ಸೇರಿಸುತ್ತೇವೆ. ಒಂದು ಲೋಟ ಕೊತ್ತಂಬರಿ ಬೀಜ, ಅರ್ಧ ಲೋಟ ಜೀರಿಗೆ, ಎರಡು ಚಮಚ ಕಾಳುಮೆಣಸು, ಒಂದು ಚಮಚ ಮೆಂತ್ಯ, ಎರಡು ಬೆರಳುದ್ದದ ಒಣಶುಂಠಿ. ಒಣಶುಂಠಿಯನ್ನು ಜಜ್ಜಿ, ಉಳಿದದ್ದನ್ನು ಬೇರೆ ಬೇರೆಯಾಗಿ ಹುರಿದು, ಪೂರ್ತಿ ಆರಿದ ಮೇಲೆ ಒಂದು ಹಿಡಿ ಒಣ ತುಳಸಿ ಹಾಕಿ ಪುಡಿ ಮಾಡಿ. ತುಳಸಿಯನ್ನು ಹುರಿಯಬೇಡಿ. ಬಿಸಿ ಇರುವಾಗ ಡಬ್ಬಿಗೆ ತುಂಬಬೇಡಿ.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರ. ಹಸಿ ಬೆಳ್ಳುಳ್ಳಿ, ಹಸಿ ಸೊಪ್ಪನ್ನು ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಯಲ್ಲಿಟ್ಟು ತಿಂಗಳುಗಟ್ಟಲೆ ಅಡುಗೆಗೆ ಬಳಸುವುದನ್ನು ಈಗ ಕೆಲವರು ತೋರಿಸುತ್ತಾರೆ. ನೋಡಲು ಚಂದ, ಆದರೆ ಅಪಾಯ. ಎಣ್ಣೆಯೊಳಗೆ ಗಾಳಿ ಇರುವುದಿಲ್ಲ, ಸೊಪ್ಪಿನಲ್ಲಿ ನೀರಿರುತ್ತದೆ, ಹುಳಿ ಇರುವುದಿಲ್ಲ. ಬಾಟ್ಯುಲಿಸಂ ಅನ್ನುವ ಕಾಯಿಲೆ ತರುವ ವಿಷ ಉಂಟುಮಾಡುವ ಬ್ಯಾಕ್ಟೀರಿಯಾಕ್ಕೆ ಇಂಥದೇ ಜಾಗ ಬೇಕು, ಮತ್ತು ಅದು ಬೆಳೆದರೂ ವಾಸನೆಯಿಂದ ಗೊತ್ತಾಗುವುದಿಲ್ಲ. ಮಾಡಿದರೆ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ. ತಲೆಗೆ ಹಚ್ಚುವ ಗರುಗದ (ಭೃಂಗರಾಜ) ಎಣ್ಣೆ ಬೇರೆ, ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಸೊಪ್ಪಿನ ನೀರು ಪೂರ್ತಿ ಆರುವ ತನಕ ಕಾಯಿಸುತ್ತೇವೆ. ಆ ಎಣ್ಣೆಯಲ್ಲಿ ಬತ್ತಿ ಅದ್ದಿ ಹಚ್ಚಿದಾಗ ಚಟಪಟ ಅಂದರೆ ನೀರು ಉಳಿದಿದೆ, ಸದ್ದಿಲ್ಲದೆ ಉರಿದರೆ ಇಳಿಸಬಹುದು.

ಚೆನ್ನಾಗಿ ಒಣಗಿದ ಎಲೆ ಆರು ತಿಂಗಳಿಂದ ಒಂದು ವರ್ಷ ಪರಿಮಳ ಉಳಿಸಿಕೊಳ್ಳುತ್ತದೆ. ಅಂಗೈಯಲ್ಲಿ ತಿಕ್ಕಿ ಮೂಸಿದಾಗ ಏನೂ ಬಾರದಿದ್ದರೆ ಕಷಾಯಕ್ಕೆ ಹಾಕಿ ಪ್ರಯೋಜನವಿಲ್ಲ. ಬೂಷ್ಟು ಹಿಡಿದದ್ದಾದರೆ ಆರಿಸಿ ಬಳಸುವ ಲೆಕ್ಕವೇ ಬೇಡ, ಇಡೀ ಬಾಟಲಿ ಗೊಬ್ಬರದ ಗುಂಡಿಗೆ. ಬರೀ ಹಳೆಯದಾಗಿದ್ದರೆ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಬಚ್ಚಲ ಹಂಡೆಗೆ ಹಾಕಿ, ಮಜ್ಜಿಗೆ ಹುಲ್ಲಿನಲ್ಲಿ ಉಳಿದ ಅಷ್ಟಿಷ್ಟು ಘಮ ಬಿಸಿನೀರಿಗೆ ಇಳಿಯುತ್ತದೆ. ಬಾಟಲಿ ತೊಳೆದು ಬಿಸಿಲಿಗಿಡಿ, ಅಷ್ಟರಲ್ಲಿ ತುಳಸಿ ಪೂಜೆ ಬಂದಿರುತ್ತದೆ.